ಮಠದ ಬಿಯರ್, ದಂಡಿನ ಬಿಯರ್

ಧರ್ಮಸಭೆಯ ಚರಿತ್ರೆಯ ತರಗತಿಯಲ್ಲಿ ಸನ್ಯಾಸಿಮಠಗಳ ಅಧ್ಯಾಯ ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: ಬಿಯರನ್ನು ಕಂಡುಹಿಡಿದವರು ನಮ್ಮ ಮಠವಾಸಿಗಳೇ ಅಲ್ಲವೇ? ಪ್ರಶ್ನೆಯ ಬೆನ್ನಿಗೇ ನಗು. ಹಲವು ವರ್ಷ ನಾನೂ ಆ ನಗುವಿನಲ್ಲಿ ಸೇರಿಕೊಂಡು, ಸಂತ ಗಾಲ್ ಮಠದ ನಕ್ಷೆಯನ್ನೂ ಬೆಲ್ಜಿಯಂನ ಟ್ರಾಪಿಸ್ಟ್ ಮಠಗಳನ್ನೂ ಹೆಸರಿಸಿ ಪಾಠ ಮುಂದುವರಿಸುತ್ತಿದ್ದೆ.

ಕಳೆದ ವರ್ಷ ಯಲಹಂಕದಾಚೆಯ ಉಪಕೇಂದ್ರವೊಂದರಲ್ಲಿ ಭಾನುವಾರದ ಬಲಿಪೂಜೆ ಮುಗಿಸಿ ಹೊರಬಂದಾಗ, ಮನೆಗೆಲಸ ಮಾಡಿ ಸಂಸಾರ ನಡೆಸುವ ತಾಯಿಯೊಬ್ಬರು ಬಾಗಿಲ ಬಳಿ ಕಾದಿದ್ದರು. “ಸ್ವಾಮಿ, ಬಿಯರು ಕುಡಿಯೋದು ಕುಡಿತ ಅಲ್ಲ ಅಂತಾರೆ ನಮ್ಮನೆಯವರು. ಹಿಂದೆ ಗುರುಗಳೇ ಮಾಡ್ತಿದ್ರಂತೆ. ನಮ್ಮ ಬ್ರದರೇ ಯುವಕರ ಕೂಟದಲ್ಲಿ ಹೇಳಿದ್ರಂತೆ. ನಿಜವಾ?” ಎಂದು ಕೇಳಿದರು. ಆ ಬ್ರದರ್ ನನ್ನ ವಿದ್ಯಾರ್ಥಿ. ಅವರು ಹೇಳಿದ ಮಾತು ನನ್ನ ತರಗತಿಯಿಂದಲೇ ಹೋದದ್ದು. “ಅರ್ಧ ನಿಜ, ಅಮ್ಮ” ಎಂದೆ. ಉಳಿದರ್ಧವನ್ನು ಅಲ್ಲಿ ನಿಂತು ಹೇಳುವಷ್ಟು ಸಿದ್ಧತೆ ನನ್ನಲ್ಲಿರಲಿಲ್ಲ. ಗುರುಮಠದ ನಗೆಮಾತು ಒಂದು ಮನೆಯಲ್ಲಿ ಕುಡಿತಕ್ಕೆ ಪರವಾನಗಿಯಾಗಿತ್ತು. ಈ ಲೇಖನ ಆ ಉಳಿದರ್ಧವನ್ನು ಹೇಳುವ ಪ್ರಯತ್ನ.

ಧರ್ಮಸಭೆಗಿಂತ ಹಳೆಯದು

ಮೊದಲು ತಪ್ಪನ್ನು ತಿದ್ದಬೇಕು. ಬಿಯರ್ ಮಠವಾಸಿಗಳ ಆವಿಷ್ಕಾರವಲ್ಲ. ಕ್ರಿಸ್ತಪೂರ್ವ 3000ದ ಸುಮಾರಿಗೆ ಮೆಸೊಪೊಟೇಮಿಯಾದಲ್ಲಿ ಬರವಣಿಗೆ ಆರಂಭವಾದಾಗ, ಮಣ್ಣಿನ ಫಲಕಗಳ ಮೇಲೆ ಬರೆದಿಟ್ಟ ಮೊದಲ ಲೆಕ್ಕಗಳಲ್ಲೇ ಧಾನ್ಯ ಮತ್ತು ಬಿಯರಿನ ಲೆಕ್ಕಗಳಿವೆ. ಕ್ರಿಸ್ತಪೂರ್ವ 18ನೆಯ ಶತಮಾನದ ಹಮ್ಮುರಾಬಿಯ ಶಾಸನ ಬಿಯರ್ ಮಾರುವ ಹೆಂಗಸರಿಗೂ ನಿಯಮ ವಿಧಿಸುತ್ತದೆ; ಬೆಲೆಯಲ್ಲಿ ಮೋಸ ಮಾಡಿದವಳನ್ನು ನೀರಿಗೆ ಎಸೆಯಬೇಕೆನ್ನುತ್ತದೆ. ಈಜಿಪ್ಟಿನಲ್ಲಿ ಕೂಲಿಯಾಳುಗಳಿಗೆ ಕೂಲಿಯಾಗಿ ಸಿಗುತ್ತಿದ್ದುದು ರೊಟ್ಟಿ ಮತ್ತು ಬಿಯರ್.

ಇಸ್ರಯೇಲ್ ಜನಾಂಗ ಬದುಕಿದ್ದು ಈ ಎರಡು ನಾಡುಗಳ ನಡುವೆ. ಅಕ್ಕೇಡಿಯನ್ ಭಾಷೆಯಲ್ಲಿ ಬಿಯರಿಗಿದ್ದ ‘ಶಿಕಾರು’ ಎಂಬ ಪದದ ಬಂಧುವೇ ಹೀಬ್ರೂ ಭಾಷೆಯ ‘ಶೇಖಾರ್’. ದ್ರಾಕ್ಷಾರಸವಲ್ಲದ, ಧಾನ್ಯದಿಂದಲೋ ಖರ್ಜೂರದಿಂದಲೋ ಮಾಡಿದ ಮತ್ತೇರಿಸುವ ಪಾನೀಯಕ್ಕೆ ಆ ಹೆಸರು. ಸಂತ ಲೂಕನ ಶುಭಸಂದೇಶದಲ್ಲಿ (1:15) ಅದೇ ಪದ ‘ಸಿಕೆರಾ’ ಎಂದು ಗ್ರೀಕಿಗೆ ಬಂದಿದೆ. ಕನ್ನಡದಲ್ಲಿ ನಾವು ಅದನ್ನು ‘ಮದ್ಯ’ ಎಂದು ಓದುತ್ತೇವೆ. ಸಂಖ್ಯಾಕಾಂಡ 28:7ರಲ್ಲಿ ಈ ಶೇಖಾರ್ ದೇವರಿಗೆ ಅರ್ಪಿಸುವ ಪಾನದ್ರವ್ಯ. ಧರ್ಮೋಪದೇಶಕಾಂಡ 14:26ರಲ್ಲಿ ಹಬ್ಬದ ಸಂತೋಷದ ಭಾಗ. ಯಾಜಕಕಾಂಡ 10:9ರಲ್ಲಾದರೋ ದೇವದರ್ಶನದ ಗುಡಾರವನ್ನು ಪ್ರವೇಶಿಸುವ ಯಾಜಕನಿಗೆ ಅದು ನಿಷಿದ್ಧ. ಯೆಶಾಯನ ಐದನೆಯ ಅಧ್ಯಾಯದಲ್ಲಿ ಅದರ ಹಿಂದೆ ಓಡುವವರಿಗೆ ಶಾಪ. ಒಂದೇ ಪಾನೀಯಕ್ಕೆ ಪವಿತ್ರಗ್ರಂಥ ನೀಡುವ ತೀರ್ಪು ಒಂದಲ್ಲ. ಯಾರು, ಎಲ್ಲಿ, ಯಾವಾಗ, ಎಷ್ಟು ಎಂಬುದರ ಮೇಲೆ ತೀರ್ಪು ಬದಲಾಗುತ್ತದೆ.

ಪಾನೀಯದ ತಯಾರಿಕೆಯೂ ಇದನ್ನೇ ಹೇಳುತ್ತದೆ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿದಾಗ ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಆ ಹಂತದಲ್ಲಿ ಒಣಗಿಸಿದರೆ ಅದೇ ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ಕಲಸಿ, ಸೋಸಿ, ಹಾಪ್ಸ್ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಸೇರಿಸಿ ಹುಳಿಯಲು ಬಿಟ್ಟರೆ ಬಿಯರ್. ಇದರ ಮೊದಲರ್ಧ ನಮ್ಮ ತಾಯಂದಿರಿಗೆ ಹೊಸದೇನಲ್ಲ. ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ ಕೂಸಿಗೆ ಕುಡಿಸುವ ರಾಗಿ ಮಾಲ್ಟ್ ಇದೇ ವಿದ್ಯೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ. ಉಗಾಂಡದಂಥ ನಾಡುಗಳಲ್ಲಿ ಇಂದಿಗೂ ಅದರಿಂದ ಬಿಯರ್ ಮಾಡುತ್ತಾರೆ. ಹೆಬ್ಬಾಳ, ಯಲಹಂಕ, ದೇವನಹಳ್ಳಿಗಳ ಹೊಲಗಳಲ್ಲಿ ಬೆಳೆದ ಅದೇ ಧಾನ್ಯ ಇಲ್ಲಿ ಮುದ್ದೆಯಾಯಿತು, ಅಂಬಲಿಯಾಯಿತು. ಕಾಳಿನೊಳಗಿನ ಶಕ್ತಿ ಒಂದೇ. ಅದು ಏನಾಗಬೇಕೆಂಬುದನ್ನು ತೀರ್ಮಾನಿಸಿದ್ದು ಆಯಾ ಜನರ ಬಾಳ್ವೆ.

ಅಳತೆಯ ಪಾನೀಯ

ಹಾಗಾದರೆ ಮಠಗಳು ಮಾಡಿದ್ದೇನು? ಸಂತ ಬೆನೆಡಿಕ್ಟರು 6ನೆಯ ಶತಮಾನದಲ್ಲಿ ಬರೆದ ನಿಯಮಾವಳಿಯ 40ನೆಯ ಅಧ್ಯಾಯ ಪಾನೀಯದ ಅಳತೆಯನ್ನು ಕುರಿತದ್ದು. ಇತರರ ಆಹಾರ ಪಾನೀಯಗಳಿಗೆ ಅಳತೆ ನಿಗದಿಪಡಿಸಲು ತಮಗೆ ಅಳುಕಿದೆ ಎಂದೇ ಅವರು ಆರಂಭಿಸುತ್ತಾರೆ. ದುರ್ಬಲರನ್ನು ಗಮನದಲ್ಲಿಟ್ಟು ದಿನಕ್ಕೊಂದು ‘ಹೆಮಿನಾ’, ಅಂದರೆ ಸುಮಾರು ಕಾಲು ಲೀಟರ್ ದ್ರಾಕ್ಷಾರಸ ಸಾಕೆನ್ನುತ್ತಾರೆ. ದ್ರಾಕ್ಷಾರಸ ಸನ್ಯಾಸಿಗಳಿಗೆ ತಕ್ಕುದಲ್ಲವಾದರೂ ತಮ್ಮ ಕಾಲದವರಿಗೆ ಅದನ್ನು ಮನಗಾಣಿಸುವುದು ಕಷ್ಟ. ಆದ್ದರಿಂದ ಮಿತವಾಗಿ ಕುಡಿಯುವುದಕ್ಕಾದರೂ ಒಪ್ಪೋಣ ಎಂಬುದು ಅವರ ಧೋರಣೆ. ಇದು ಹೊಗಳಿಕೆಯಲ್ಲ, ಮನುಷ್ಯರ ದೌರ್ಬಲ್ಯಕ್ಕೆ ಕೊಟ್ಟ ರಿಯಾಯಿತಿ.

ದ್ರಾಕ್ಷಿ ಬೆಳೆಯದ ಉತ್ತರ ಯೂರೋಪಿನ ಮಠಗಳಲ್ಲಿ ದ್ರಾಕ್ಷಾರಸದ ಸ್ಥಾನಕ್ಕೆ ಬಿಯರ್ ಬಂತು. ದ್ರಾಕ್ಷಾರಸವಿಲ್ಲದ ಕಡೆ ಅದರ ಎರಡರಷ್ಟು ಒಳ್ಳೆಯ ಬಿಯರ್ ಕೊಡಬಹುದೆಂದು 9ನೆಯ ಶತಮಾನದ ಆರಂಭದಲ್ಲಿ ಆಕೆನ್ ನಗರದಲ್ಲಿ ನಡೆದ ಸುಧಾರಣಾ ಸಭೆಗಳು ನಿರ್ಧರಿಸಿದವು. ಅಲ್ಲಿಯೂ ಅಳತೆಯದೇ ಮಾತು. ಅದೇ ಕಾಲದಲ್ಲಿ ರಚಿತವಾದ ಸಂತ ಗಾಲ್ ಮಠದ ಪ್ರಸಿದ್ಧ ನಕ್ಷೆ ಹಾಗೆಯೇ ಕಟ್ಟಡವಾಗಲಿಲ್ಲ. ಆದರೆ ಒಂದು ಆದರ್ಶವನ್ನು ಕಾಣಿಸುತ್ತದೆ. ಅದರಲ್ಲಿ ಬಿಯರ್ ತಯಾರಿಸುವ ಮನೆಗಳು ಮೂರು: ಮಠವಾಸಿಗಳಿಗೆ ಒಂದು, ಗಣ್ಯ ಅತಿಥಿಗಳಿಗೆ ಒಂದು, ಬಡವರಿಗೂ ಯಾತ್ರಿಕರಿಗೂ ಒಂದು. ಮೂರೂ ಕಡೆ ಅದು ರೊಟ್ಟಿಮನೆಯ ಜೊತೆಗೇ ಇದೆ. ಬಿಯರನ್ನು ಅವರು ರೊಟ್ಟಿಯ ಪಂಕ್ತಿಯಲ್ಲಿಟ್ಟಿದ್ದರು. ಬಾಗಿಲಿಗೆ ಬಂದ ಬಡವನ ಪಾಲನ್ನು ನಕ್ಷೆಯಲ್ಲೇ ಮೊದಲು ತೆಗೆದಿಟ್ಟಿದ್ದರು.

ಕುಡಿಯುವ ನೀರು ಕೆಟ್ಟದಾಗಿದ್ದುದರಿಂದ ಆ ಕಾಲದವರು ಬಿಯರನ್ನೇ ಕುಡಿಯುತ್ತಿದ್ದರು ಎಂಬ ಜನಪ್ರಿಯ ಮಾತು ಕೂಡ ಪೂರ್ತಿ ನಿಲ್ಲುವುದಿಲ್ಲ. ಮಠಗಳು ಬುಗ್ಗೆ ಹೊಳೆಗಳ ಬಳಿಯೇ ನೆಲೆಸುತ್ತಿದ್ದವು. ಕ್ಯಾಂಟರ್ಬರಿಯ ಮಠ ಕೊಳವೆಗಳಲ್ಲಿ ನೀರು ತಂದ ವ್ಯವಸ್ಥೆಯ 12ನೆಯ ಶತಮಾನದ ಚಿತ್ರ ಇಂದಿಗೂ ಉಳಿದಿದೆ. ಸಂತ ಕೊಲಂಬಾನರ ಮಠಗಳಲ್ಲಿ ಅಜಾಗರೂಕತೆಯಿಂದ ಬಿಯರ್ ಚೆಲ್ಲಿದವನಿಗಿದ್ದ ಶಿಕ್ಷೆಯೆಂದರೆ, ಚೆಲ್ಲಿದ್ದು ಎಷ್ಟು ದಿನದ ಪಾಲೋ ಅಷ್ಟು ದಿನ ನೀರನ್ನೇ ಕುಡಿಯುವುದು. ನೀರು ಕುಡಿಯಲಾಗದಂಥದ್ದಾಗಿದ್ದರೆ ಈ ಶಿಕ್ಷೆಗೆ ಅರ್ಥವಿರುತ್ತಿರಲಿಲ್ಲ.

ಇದೇ ಕೊಲಂಬಾನರ ಚರಿತ್ರೆಯನ್ನು ಬರೆದ ಬೊಬ್ಬಿಯೊದ ಯೋನಾಸರು ಎರಡು ಪ್ರಸಂಗಗಳನ್ನು ದಾಖಲಿಸಿದ್ದಾರೆ. ವಿಧೇಯತೆಯ ಕರೆಗೆ ಓಗೊಟ್ಟು ಸಹೋದರನೊಬ್ಬ ಬಿಯರ್ ಪೀಪಾಯಿಯ ಬಿರಡೆ ಮುಚ್ಚಲು ಮರೆತು ಓಡಿದಾಗ ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. ಅನ್ಯದೇವತೆ ವೋಡನ್‌ಗೆ ಅರ್ಪಿಸಲು ಜನ ಇಟ್ಟಿದ್ದ ದೊಡ್ಡ ಪೀಪಾಯಿಯಾದರೋ ಸಂತರು ಊದಿದೊಡನೆ ಸಿಡಿದು ಹೋಳಾಯಿತು. ಒಂದೇ ಪಾನೀಯ, ಒಂದು ಕಡೆ ಉಳಿಯಿತು, ಇನ್ನೊಂದು ಕಡೆ ಒಡೆಯಿತು. ಕಥೆಗಾರ ಕಾಣಿಸುವ ವ್ಯತ್ಯಾಸ ಅದು ಯಾರ ಸೇವೆಯಲ್ಲಿದೆ ಎಂಬುದು.

ಮಠಗಳಲ್ಲಿ ಎಲ್ಲರೂ ಅಳತೆ ಮೀರದೆ ಇದ್ದರೆಂದು ಭಾವಿಸಬೇಕಾಗಿಲ್ಲ. ಮಹಾಧರ್ಮಾಧ್ಯಕ್ಷ ಥಿಯೋಡೋರರ ಹೆಸರಿನಲ್ಲಿ ಬಂದಿರುವ ಪ್ರಾಯಶ್ಚಿತ್ತ ಗ್ರಂಥ, ಕುಡಿದು ವಾಂತಿ ಮಾಡಿಕೊಂಡ ಮಠವಾಸಿಗೆ 30 ದಿನಗಳ ಪ್ರಾಯಶ್ಚಿತ್ತ ವಿಧಿಸುತ್ತದೆ. ಆಗದ ತಪ್ಪಿಗೆ ಯಾರೂ ದಂಡ ಬರೆದಿಡುವುದಿಲ್ಲ. ಮಠಗಳ ಹಿರಿಮೆ ಬಿಯರ್ ತಯಾರಿಸಿದ್ದರಲ್ಲಿಲ್ಲ; ಅದಕ್ಕೆ ಅಳತೆ, ಹೊತ್ತು, ಹೊಣೆ, ಪ್ರಾಯಶ್ಚಿತ್ತಗಳ ಬೇಲಿ ಕಟ್ಟಿದ್ದರಲ್ಲಿದೆ. ಇಂದಿಗೂ ‘ಟ್ರಾಪಿಸ್ಟ್’ ಮುದ್ರೆ ಪಡೆಯಬೇಕಾದರೆ ಬಿಯರ್ ಮಠದ ಆವರಣದಲ್ಲಿ, ಮಠವಾಸಿಗಳ ಮೇಲ್ವಿಚಾರಣೆಯಲ್ಲಿ ತಯಾರಾಗಬೇಕು; ಆದಾಯ ಮಠದ ಅಗತ್ಯಗಳಿಗೂ ಪರೋಪಕಾರಕ್ಕೂ ಸಲ್ಲಬೇಕು.

ಸಂಸ್ಕಾರದ ಗಡಿ

ಧರ್ಮಸಭೆ ಬಿಯರನ್ನು ಆಶೀರ್ವದಿಸಿದೆ. ರೋಮನ್ ಸಂಸ್ಕಾರವಿಧಿ ಗ್ರಂಥದಲ್ಲಿ ಬಿಯರಿನ ಆಶೀರ್ವಾದಕ್ಕಾಗಿಯೇ ಒಂದು ಪ್ರಾರ್ಥನೆಯಿದೆ. ಆದರೆ ಅದನ್ನು ಸಂಸ್ಕಾರದ ದ್ರವ್ಯವಾಗಿ ಎಂದೂ ಒಪ್ಪಲಿಲ್ಲ. ನಾರ್ವೆಯಲ್ಲಿ ನೀರು ಸಿಗದಾಗ ಕೆಲವು ಶಿಶುಗಳಿಗೆ ಬಿಯರಿನಲ್ಲಿ ದೀಕ್ಷಾಸ್ನಾನ ಕೊಡಲಾಗಿತ್ತು. ಇದನ್ನು ಕುರಿತು ಕೇಳಿದ ನಿದರೋಸಿನ ಮಹಾಧರ್ಮಾಧ್ಯಕ್ಷ ಸಿಗೂರ್ಡರಿಗೆ ಜಗದ್ಗುರು ಒಂಬತ್ತನೆಯ ಗ್ರೆಗೊರಿಯವರು 1241ರ ಜುಲೈ 8ರಂದು ಉತ್ತರ ಬರೆದರು. ಸಂತ ಯೊವಾನ್ನರ ಶುಭಸಂದೇಶದ ಮೂರನೆಯ ಅಧ್ಯಾಯ ನೀರನ್ನು ಹೇಳಿರುವುದರಿಂದ, ಬಿಯರಿನಲ್ಲಿ ಸ್ನಾನ ಪಡೆದವರನ್ನು ವಿಧಿವತ್ತಾಗಿ ದೀಕ್ಷಾಸ್ನಾನ ಪಡೆದವರೆಂದು ಎಣಿಸುವಂತಿಲ್ಲ ಎಂಬುದು ಅದರ ಸಾರ. 1547ರಲ್ಲಿ ಟ್ರೆಂಟ್ ಮಹಾಸಭೆಯೂ ನಿಜವಾದ ನೈಸರ್ಗಿಕ ನೀರು ಅಗತ್ಯವೆಂದು ವಿಧಿಸಿತು.

ಸಂತ ಥಾಮಸ್ ಅಕ್ವಿನಾಸರು ‘ಸುಮ್ಮಾ’ ಗ್ರಂಥದ ಮೂರನೆಯ ಭಾಗದ 66ನೆಯ ಪ್ರಶ್ನೆಯಲ್ಲಿ ಇದಕ್ಕೆ ಹಲವು ಕಾರಣ ಕೊಡುತ್ತಾರೆ. ಅವುಗಳಲ್ಲಿ ಕೊನೆಯದು ಸರಳವಾದದ್ದು: ನೀರು ಎಲ್ಲರದು, ಹೇರಳವಾದದ್ದು, ಎಲ್ಲಿಯೂ ಸುಲಭವಾಗಿ ಸಿಗುವಂಥದ್ದು. ರಕ್ಷಣೆಯ ಬಾಗಿಲಿಗೆ ಬೆಲೆ ತೆರಬೇಕಾಗಬಾರದು ಎಂಬ ಭಾವ ಇಲ್ಲಿದೆ.

ಬೆಂಗಳೂರಿನ ಉತ್ತರ ಭಾಗದಲ್ಲಿ ಈ ವಾಕ್ಯವನ್ನು ಪಾಠ ಮಾಡುವಾಗ ನಾಲಿಗೆ ತಡವರಿಸುತ್ತದೆ. 1890ರ ದಶಕದಲ್ಲಿ ಹೆಸರಘಟ್ಟದ ಕೆರೆಯಿಂದ ನಗರಕ್ಕೆ ಕೊಳವೆ ನೀರು ಬಂದದ್ದು ಇದೇ ದಿಕ್ಕಿನಿಂದ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಮ್ಮ ಧರ್ಮಕೇಂದ್ರಗಳ ಮನೆಗಳು ಟ್ಯಾಂಕರ್ ನೀರಿಗೆ ಕಾದು ನಿಂತವು. ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ 5,000 ರೂಪಾಯಿ ದಂಡ ಘೋಷಣೆಯಾಯಿತು. ಆ ದಿನಗಳಲ್ಲೂ ಬಿಯರಿಗೆ ಯಾರೂ ಹಾಗೆ ಕಾಯಬೇಕಾಗಲಿಲ್ಲ. ಬಿಯರಿನ ನೂರರಲ್ಲಿ ತೊಂಬತ್ತು ಪಾಲಿಗೂ ಹೆಚ್ಚು ನೀರೇ ಎಂಬುದನ್ನು ನೆನೆದರೆ, ಅಕ್ವಿನಾಸರ ‘ಎಲ್ಲರದು’ ಎಂಬ ಮಾತು ನಮ್ಮನ್ನೇ ಪ್ರಶ್ನಿಸುತ್ತದೆ.

ದಂಡಿನ ಬಿಯರ್

ಬೆಂಗಳೂರಿಗೆ ಬಿಯರ್ ಬಂದದ್ದು ಮಠದ ದಾರಿಯಿಂದಲ್ಲ, ದಂಡಿನ ದಾರಿಯಿಂದ. ಶ್ರೀರಂಗಪಟ್ಟಣದ ಜ್ವರದ ಹವೆಗೆ ತತ್ತರಿಸಿದ ಬ್ರಿಟಿಷ್ ಸೈನ್ಯ 1809ರಲ್ಲಿ ಬೆಂಗಳೂರಿಗೆ ಬಂದು ದಂಡುಪ್ರದೇಶವನ್ನು ಕಟ್ಟಿತು. ಸೈನಿಕರು ಅಗ್ಗದ ಸಾರಾಯಿಗೆ ಬಲಿಯಾಗುವುದನ್ನು ಕಂಡ 19ನೆಯ ಶತಮಾನದ ಸೈನ್ಯಾಧಿಕಾರಿಗಳು, ಅದಕ್ಕಿಂತ ಬಿಯರ್ ವಾಸಿಯೆಂದು ಅದನ್ನು ಪ್ರೋತ್ಸಾಹಿಸಿದರು. ಇಂಗ್ಲೆಂಡಿನಿಂದ ಹಡಗಿನಲ್ಲಿ ತರಿಸುವ ಬಿಯರ್ ದುಬಾರಿ. ಹಾಗಾಗಿ ತಂಪು ಹವೆಯ ಕಸೌಲಿ, ನೀಲಗಿರಿ, ಬೆಂಗಳೂರುಗಳಲ್ಲಿ ತಯಾರಿಕಾ ಘಟಕಗಳು ಹುಟ್ಟಿದವು. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದರು. ಬೆಂಗಳೂರು ಬ್ರೂಯಿಂಗ್ ಕಂಪನಿ ಅವುಗಳಲ್ಲೊಂದು. ಪೀಪಾಯಿಗಳು ಎತ್ತಿನಗಾಡಿಗಳಲ್ಲಿ ಸೈನ್ಯದ ಬಿಡಾರಗಳಿಗೆ ಹೋಗುತ್ತಿದ್ದವು. 1947ರಲ್ಲಿ ವಿಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು, ಮರುವರ್ಷ ಅಧ್ಯಕ್ಷರಾದರು. ಹಿಂದೆ ಗ್ರಾಂಟ್ ರಸ್ತೆ ಎನ್ನಿಸಿಕೊಂಡಿದ್ದ ಬೀದಿಗೆ ಇಂದು ಅವರ ಹೆಸರಿದೆ. ಹಳೆಯ ಬ್ರೂವರಿಯ ಜಾಗದಲ್ಲಿ ಯು.ಬಿ. ಸಿಟಿಯ ಗೋಪುರಗಳು ನಿಂತಿವೆ.

ಈ ಚರಿತ್ರೆ ಧರ್ಮಸಭೆಗೆ ಹೊರಗಿನದೇನೂ ಅಲ್ಲ. ಇದೇ ದಂಡಿನ ಐರಿಷ್ ಕಥೋಲಿಕ ಸೈನಿಕರಿಗಾಗಿ ಕಟ್ಟಿದ್ದು ಸಂತ ಪ್ಯಾಟ್ರಿಕ್ ದೇವಾಲಯ. ಅವರ ನಾಡಿನಲ್ಲಿ 1838ರಲ್ಲಿ ಕಪುಚಿನ್ ಗುರು ಥಿಯೊಬಾಲ್ಡ್ ಮ್ಯಾಥ್ಯೂ ಪಾನವರ್ಜನೆಯ ಪ್ರತಿಜ್ಞೆ ಬೋಧಿಸಿ ಲಕ್ಷಗಟ್ಟಲೆ ಜನರನ್ನು ಕುಡಿತದಿಂದ ಬಿಡಿಸಿದ್ದರು. 1862ರಲ್ಲಿ ಬ್ಯಾಪ್ಟಿಸ್ಟ್ ಬೋಧಕ ಗ್ರೆಗ್ಸನ್ ಆಗ್ರಾದಲ್ಲಿ ಸೈನಿಕರ ಪಾನವರ್ಜನ ಸಂಘ ಆರಂಭಿಸಿದರು. ಸೈನಿಕನ ಒಂಟಿತನವನ್ನೂ ಬಾಟಲಿಯನ್ನೂ ಹತ್ತಿರದಿಂದ ಕಂಡ ಗುರುಗಳೂ ಬೋಧಕರೂ ಮಠದ ಬಿಯರಿನ ನೆನಪನ್ನು ಮುಂದೆ ಮಾಡಲಿಲ್ಲ. ಪ್ರತಿಜ್ಞೆಯನ್ನು ಮುಂದೆ ಮಾಡಿದರು.

ಸೈನ್ಯ ಹೋಯಿತು, ಪಾನೀಯ ಉಳಿಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದಿಂದ ಯಲಹಂಕದಾಚೆಗೆ ಬಳ್ಳಾರಿ ರಸ್ತೆಯ ಇಕ್ಕೆಲಗಳ ಹೊಲಗಳು ಬಡಾವಣೆಗಳಾದವು. 2010ರ ದಶಕದಲ್ಲಿ ಗ್ರಾಹಕರ ಕಣ್ಣೆದುರೇ ಬಿಯರ್ ತಯಾರಿಸುವ ಮೈಕ್ರೋಬ್ರೂವರಿಗಳು ನಗರದ ತುಂಬ ಹರಡಿದವು. ಆದರೆ ನನ್ನನ್ನು ಪ್ರಶ್ನಿಸಿದ ತಾಯಿಯ ಮನೆಯವರು ಅಲ್ಲಿಗೆ ಹೋಗುವವರಲ್ಲ. ಅವರದು ಮೂಲೆಯ ವೈನ್ ಸ್ಟೋರಿನ ‘ಸ್ಟ್ರಾಂಗ್’ ಬಾಟಲಿ. ಬಿಯರ್ ಕುಡಿತವಲ್ಲ ಎಂಬ ಮಾತಿಗೆ ಇಲ್ಲಿ ಲೆಕ್ಕವೇ ಉತ್ತರ. 650 ಮಿಲಿಲೀಟರ್ ಬಾಟಲಿಯಲ್ಲಿ ಶೇಕಡಾ 8ರಷ್ಟು ಆಲ್ಕೊಹಾಲ್ ಇದ್ದರೆ ಶುದ್ಧ ಆಲ್ಕೊಹಾಲ್ 52 ಮಿಲಿಲೀಟರ್. ಶೇಕಡಾ 42.8ರ ವಿಸ್ಕಿಯ 60 ಮಿಲಿಲೀಟರಿನ ಒಂದು ಪೆಗ್ಗಿನಲ್ಲಿ ಇರುವುದು ಸುಮಾರು 26. ಅಂದರೆ ಒಂದು ಬಾಟಲಿ ಸ್ಟ್ರಾಂಗ್ ಬಿಯರ್ ಎರಡು ದೊಡ್ಡ ಪೆಗ್ಗುಗಳಿಗೆ ಸಮ.

ಮಾರಯ್ಯನ ಅಂಗಡಿ

ಮದ್ಯ ಮತ್ತು ಭಕ್ತಿಯ ಸಂಬಂಧವನ್ನು ಕುರಿತು ಯೋಚಿಸಲು ಕನ್ನಡ ನಾಡಿನ ಗುರುವಿದ್ಯಾರ್ಥಿ ಯೂರೋಪಿಗೇ ಹೋಗಬೇಕಾಗಿಲ್ಲ. 12ನೆಯ ಶತಮಾನದಲ್ಲಿ ರೈನ್ ತೀರದ ಸಂತ ಹಿಲ್ಡೆಗಾರ್ಡ್, ಹಾಪ್ಸ್ ಮನುಷ್ಯನಲ್ಲಿ ವಿಷಾದವನ್ನು ಹೆಚ್ಚಿಸಿದರೂ ಅದರ ಕಹಿ ಪಾನೀಯವನ್ನು ಕೆಡದಂತೆ ಕಾಯುತ್ತದೆಂದು ಬರೆದರು. ಅದೇ ಶತಮಾನದಲ್ಲಿ ಕಲ್ಯಾಣದ ಶರಣರ ಸಮೂಹದಲ್ಲಿ ಹೆಂಡದ ಮಾರಯ್ಯನಿದ್ದ. ಹೆಂಡ ಮಾರುವುದು ಅವನ ಕಾಯಕ. ಅಂಗಡಿಗೆ ಬಂದವರಿಗೆ ಕುಡಿತದ ಕೇಡನ್ನು ತಿಳಿಹೇಳುತ್ತಿದ್ದನೆಂಬುದು ಅವನನ್ನು ಕುರಿತ ಐತಿಹ್ಯ. ಅವನ ವಚನಗಳೂ ಉಳಿದಿವೆ. ತನ್ನ ಗಿರಾಕಿಯ ಒಳಿತನ್ನು ತನ್ನ ಲಾಭಕ್ಕಿಂತ ಮೇಲಿಟ್ಟ ಈ ಮಾರಾಟಗಾರನ ನೆನಪು, ಬಡವರ ಪಾಲನ್ನು ನಕ್ಷೆಯಲ್ಲೇ ಗುರುತಿಸಿದ ಮಠದ ನೆನಪಿಗೆ ದೂರದ್ದಲ್ಲ.

ಇತ್ತೀಚಿನ ಚರಿತ್ರೆಯೂ ಪಾಠ ಹೇಳುತ್ತದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಹಳ್ಳಿ ಕೇರಿಗಳ ಹೆಂಗಸರು ಅದನ್ನು ಬಿಡುಗಡೆಯೆಂದೇ ಬರಮಾಡಿಕೊಂಡರು. ಆದರೆ ಇತರ ಮದ್ಯದ ಅಂಗಡಿಗಳು ತೆರೆದೇ ಇದ್ದವು. ಸರ್ಕಾರದ ಆದೇಶ ಒಂದು ಪಾನೀಯವನ್ನು ತೆಗೆಯಬಲ್ಲದು; ಕುಡಿಯುವವನ ಮನಸ್ಸಿಗೆ ಅಳತೆ ಕಲಿಸುವ ಕೆಲಸ ಅದರಿಂದ ಪೂರ್ಣವಾಗದು. ಆ ಕೆಲಸ ಮನೆಯದು, ಸಮುದಾಯದ್ದು, ನಮ್ಮದು.

ಉಳಿದರ್ಧ ಉತ್ತರ

ಹಾಗಾದರೆ ಆ ತಾಯಿಗೆ ಏನು ಹೇಳಬೇಕಿತ್ತು? ಗುರುಗಳು ಬಿಯರ್ ಮಾಡುತ್ತಿದ್ದುದು ನಿಜ. ಅವರು ಅದನ್ನು ಅಳೆದು ಕುಡಿಯುತ್ತಿದ್ದರು. ಸಮುದಾಯದ ಮೇಜಿನಲ್ಲಿ ರೊಟ್ಟಿಯ ಜೊತೆ ಕುಡಿಯುತ್ತಿದ್ದರು. ಅಳತೆ ಮೀರಿದವನು ಪ್ರಾಯಶ್ಚಿತ್ತ ಮಾಡಬೇಕಿತ್ತು. ಬಡವರ ಪಾಲು ಬೇರೆಯೇ ಇತ್ತು. ನಿಮ್ಮ ಮನೆಯವರು ಆ ಗುರುಗಳ ಮಾತನ್ನು ಎತ್ತಿಕೊಳ್ಳುವುದಾದರೆ ಅಳತೆಯನ್ನೂ ಎತ್ತಿಕೊಳ್ಳಲಿ. ಮಕ್ಕಳ ಶಾಲೆಯ ಹಣ ಬಾಟಲಿಗೆ ಹೋದ ಮನೆಯಲ್ಲಿ ಮಠದ ಬಿಯರಿನ ಮಾತಿಗೆ ಜಾಗವಿಲ್ಲ.

ಕೆಲವು ವಾರಗಳ ಬಳಿಕ ಅದೇ ಉಪಕೇಂದ್ರದಲ್ಲಿ ಇದನ್ನು ಅವರಿಗೆ ಹೇಳಿದೆ. ಅವರು ತಲೆಯಾಡಿಸಿ, “ಇದನ್ನ ನೀವೇ ಅವರಿಗೆ ಹೇಳಿ ಸ್ವಾಮಿ, ನಾನು ಹೇಳಿದ್ರೆ ಕೇಳಲ್ಲ” ಎಂದರು. ಆ ಮನೆಗೆ ನಾನೂ ನನ್ನ ವಿದ್ಯಾರ್ಥಿಯೂ ಒಟ್ಟಿಗೆ ಹೋದೆವು. ಮಾತು ಕೇಳಿಸಿಕೊಂಡರು, ಕುಡಿತ ಬಿಟ್ಟಿದ್ದಾರೆಂದು ಹೇಳಲಾರೆ. ಕುಡಿತದಿಂದ ಬಿಡುಗಡೆಗೆ ವೈದ್ಯರ ಸಹಾಯವೂ, ಬಿಟ್ಟವರ ಸಂಗವೂ, ದೀರ್ಘ ತಾಳ್ಮೆಯೂ ಬೇಕು. ಗುರುವಿನ ಒಂದು ಭೇಟಿ ಅದರ ಆರಂಭ ಮಾತ್ರ.

ಗುರುವಿದ್ಯಾರ್ಥಿಗಳಿಗೆ ಒಂದು ವಿನಂತಿ. ಚರಿತ್ರೆಯ ಸ್ವಾರಸ್ಯವನ್ನು ಧರ್ಮಕೇಂದ್ರಕ್ಕೆ ಒಯ್ಯುವಾಗ ಪೂರ್ತಿಯಾಗಿ ಒಯ್ಯಿರಿ. ಸಂತ ಬೆನೆಡಿಕ್ಟರ 40ನೆಯ ಅಧ್ಯಾಯವನ್ನು ಕಾಲು ಲೀಟರಿಗೇ ನಿಲ್ಲಿಸಬೇಡಿ. ವರ್ಜಿಸುವ ಶಕ್ತಿಯನ್ನು ದೇವರಿಂದ ಪಡೆದವರಿಗೆ ತಕ್ಕ ಪ್ರತಿಫಲವಿದೆ ಎಂದೂ ಅವರು ಬರೆದಿದ್ದಾರೆ. ಅಧ್ಯಾಯದ ಕೊನೆಯಲ್ಲಿ, ನೆಲೆಸಿದ ಸ್ಥಳದ ಬಡತನದಿಂದ ಆ ಅಳತೆಯೂ ದೊರೆಯದಿದ್ದರೆ, ಅಥವಾ ಏನೂ ಸಿಗದಿದ್ದರೆ, ಅಲ್ಲಿರುವವರು ದೇವರನ್ನು ಸ್ತುತಿಸಲಿ, ಗೊಣಗದಿರಲಿ ಎನ್ನುತ್ತಾರೆ. ಸ್ಥಳವನ್ನು ನೋಡಿ ಅಳತೆಯನ್ನು ನಿರ್ಧರಿಸಬೇಕೆಂಬುದು ಅವರ ವಿವೇಕ. ನಮ್ಮ ಸ್ಥಳ ಯಾವುದೆಂದು ನಮಗೆ ಗೊತ್ತಿದೆ. ಆ ತಾಯಿ ಕಾದು ನಿಂತಿದ್ದ ಬಾಗಿಲು ಅದು.